ಗಂಗವ್ವ ಮೊಮ್ಮಗಳೋ ಸೊಸೆಯೋ

ಇಂಗಳೇಶ್ವರದ ಪರಪ್ಪನ ಮನೆಯ ಗಂಗವ್ವ ಅವನಿಗೆ ಮೊಮ್ಮಗಳೋ ಸೊಸೆಯೋ ಎಂಬ ಪ್ರಶ್ನೆ ಸ್ವತಃ ಪರಪ್ಪನಿಗೆ ಯಾವತ್ತೂ ಹುಟ್ಟಿರಲಿಲ್ಲ. ಮಗಳ ಮಗಳನ್ನೇ ಕಿರಿಮಗನಿಗೆ ತಂದುಕೊಂಡಿದ್ದ. ಅವಳು ರೊಟ್ಟಿ ಬಡಿಯುತ್ತಿದ್ದಳು, ಇವನು ಉಣ್ಣುತ್ತಿದ್ದ, ಅಲ್ಲಿಗೆ ಮುಗಿಯಿತು. ಪ್ರಶ್ನೆ ಹುಟ್ಟಿದ್ದು ಬಸವನ ಬಾಗೇವಾಡಿಯ ಹಳೆಯ ಹತ್ತಿ ಗೋದಾಮಿನಲ್ಲಿ, ಗಂಗವ್ವನ ಮುಖವನ್ನೇ ನೋಡದ ಇಬ್ಬರ ನಡುವೆ.

ಅದು ೧೯೬೫ನೇ ಇಸವಿ. ಜನಗಣತಿಯ ಗದ್ದಲ ಎಂದೋ ಮುಗಿದಿತ್ತು. ಈಗ ಸಂಶೋಧನೆ ಮಾಡುವ ದೊಡ್ಡ ಮಂದಿಗೆ ತಾಲೂಕಿನ ಹಳ್ಳಿಗಳ ವಿವರವನ್ನೆಲ್ಲ ಮುಂಬೈಯ ಒಂದು ಕಂಪ್ಯೂಟರಿಗೆ ಉಣಿಸಿ ನೋಡುವ ಹುಕಿ ಬಂದಿತ್ತು. ಕಂಪ್ಯೂಟರಿಗೆ ಕನ್ನಡ ಬಾರದು, ಇಂಗ್ಲಿಷೂ ಬಾರದು, ತೂತು ಮಾತ್ರ ಬರುತ್ತದೆ. ಆದ್ದರಿಂದ ಒಬ್ಬ ಮನುಷ್ಯನಿಗೆ ಒಂದು ದಪ್ಪ ಕಾರ್ಡು. ವಯಸ್ಸು, ಕಸುಬು, ಓದು, ಮನೆಯ ಯಜಮಾನನಿಗೆ ಏನಾಗಬೇಕು, ಎಲ್ಲವನ್ನೂ ಕೈಯಿಂದ ಒತ್ತುವ ಪಂಚಿನಲ್ಲಿ ತೂತು ಹೊಡೆದು ಕಳಿಸಬೇಕು.

ತಪ್ಪಾಗದಂತೆ ಒಂದು ಉಪಾಯವಿತ್ತು. ಅದೇ ಮನುಷ್ಯನ ಕಾರ್ಡನ್ನು ಇಬ್ಬರು ಬೇರೆ ಬೇರೆ ಕೂತು ಹೊಡೆಯುವುದು. ಸಂಜೆ ಮೇಲ್ವಿಚಾರಕರಾದ ಚನ್ನಬಸಯ್ಯ ಎರಡೂ ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿಯುವರು. ಎಲ್ಲ ತೂತುಗಳಿಂದ ಬೆಳಕು ಬಂದರೆ ಪಾಸು. ಒಂದು ತೂತು ಕತ್ತಲಾದರೂ ಯಾರೋ ತಪ್ಪಿದ್ದಾರೆ ಎಂದರ್ಥ.

ನಿಡಗುಂದಿಯಿಂದ ದಿನಾ ಬಸ್ಸಿನಲ್ಲಿ ಬರುವ ಬಾಬುಲಾಲ ಒಬ್ಬ. ಸಿಂದಗಿಯಿಂದ ಬಂದು ಅಪ್ಪನನ್ನು ಹೆತ್ತ ಅಜ್ಜಿ ಹಜರಾಬಿಯ ಮನೆಯಲ್ಲಿ ಉಳಿದಿದ್ದ ಸಗೀರಾ ಇನ್ನೊಬ್ಬಳು. ಮೊದಲ ದಿನವೇ ಪರಪ್ಪನ ಮನೆಯ ಕಾರ್ಡಿನಲ್ಲಿ ಒಂದು ತೂತು ಕತ್ತಲಾಯಿತು. ಗಣತಿಗೆ ಹೋಗಿದ್ದ ಮಾಸ್ತರ ಬಹಳ ಪ್ರಾಮಾಣಿಕ ಮನುಷ್ಯ, ಗಂಗವ್ವನ ಮುಂದೆ 'ಮೊಮ್ಮಗಳು, ಸೊಸೆ' ಎಂದು ಎರಡನ್ನೂ ಬರೆದು ಕೈತೊಳೆದುಕೊಂಡಿದ್ದ. ಕಾರ್ಡಿನಲ್ಲಿ ಎರಡು ಹೊಡೆಯುವ ಹಾಗಿಲ್ಲ. ಹೊಡೆದರೆ ಕಂಪ್ಯೂಟರು ಗಂಗವ್ವನನ್ನೇ ಹೊರಗೆ ಉಗುಳುತ್ತದೆ.

"ಸೊಸಿ ಅಂತ ಹೊಡದವರ್ಯಾರು?" ಚನ್ನಬಸಯ್ಯ ಕೇಳಿದರು.

"ನಾನ್ರಿ," ಎಂದ ಬಾಬುಲಾಲ.

"ಮೊಮ್ಮಗಳು ಅಂತ ಹೊಡದಾಕಿ ನಾನ್ರಿ," ಎಂದಳು ಸಗೀರಾ. "ಅಕಿ ಹುಟ್ಟಿದಾಗಿಂದ ಮೊಮ್ಮಗಳು. ಲಗ್ನಾ ಆತಂತ ಅಜ್ಜ ಅಜ್ಜ ಆಗೂದು ಬಿಡ್ತಾನೇನ್ರಿ?"

"ಹಂಗಂದ್ರ ಹ್ಯಾಂಗ್ರಿ? ಅಕಿ ಇನ್ನೂ ಮೊಮ್ಮಗಳ ಆಗಿದ್ರ, ಅಕಿ ಗಂಡ ಇನ್ನೂ ಅಕಿಗೆ ಸ್ವಾದರಮಾವನ ಆಗಿ ಉಳೀತಾನಲ್ರಿ!"

"ಉಳೀಲಿ. ಪಾಪ, ನಿಮಗೇನ ತ್ರಾಸ ಕೊಟ್ಟಾನ?"

ಹೀಗೆನ್ನುತ್ತ ಅವಳು ಬಾಬುಲಾಲನ ಕಡೆ ಪೂರ್ತಿ ತಿರುಗಿದಳು. ಒಂದು ಹುಬ್ಬು ಮಾತ್ರ ಮೇಲೆ ಹೋಗಿತ್ತು, ಇನ್ನೊಂದು ಏನೂ ಅರಿಯದಂತೆ ತನ್ನ ಜಾಗದಲ್ಲೇ ಇತ್ತು. ತುಟಿಯ ಒಂದು ತುದಿಯಲ್ಲಿ ನಗು ಬಂದು ನಿಂತಿತ್ತು, ಅಪ್ಪಣೆ ಸಿಕ್ಕಿರಲಿಲ್ಲ. ಬಾಬುಲಾಲ ಕೈಯಲ್ಲಿದ್ದ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದ.

ಹುಡುಗ ಕೆಟ್ಟ. ಇನ್ನೇನು ಹೇಳುವುದು?

ಚನ್ನಬಸಯ್ಯ ಮೇಜು ಗುದ್ದಿದರು. "ಬಂದ ಮಾಡ್ರಿ! ಒಬ್ಬರ ಕೂಡ ಒಬ್ಬರು ಮಾತಾಡೂಹಂಗಿಲ್ಲ. ಮಾತಾಡಿದ್ರ ಒಬ್ಬರ ತಪ್ಪು ಇನ್ನೊಬ್ಬರಿಗೆ ಹತ್ತತೈತಿ." ಮರುದಿನ ಬರುವಷ್ಟರಲ್ಲಿ ಇಬ್ಬರ ನಡುವೆ ಒಂದು ಹಳೆಯ ಜಮಖಾನೆ ಇಳಿಬಿದ್ದಿತ್ತು.

ಗಂಗವ್ವ ಯಾರೆಂದು ಹೇಳಿಬಿಟ್ಟಿದ್ದರೆ ಚನ್ನಬಸಯ್ಯನವರಿಗೂ ಸುಖವಿತ್ತು. ಆದರೆ ಅವರ ಕಷ್ಟ ಅವರಿಗೆ. ಅವರ ಹೆಂಡತಿ ಸುಮಿತ್ರಾಬಾಯಿ ಅವರ ಸ್ವಂತ ಅಕ್ಕನ ಮಗಳು. ಮನೆಯಲ್ಲಿ ಅವರ ತಾಯಿ ಸೊಸೆಗೆ ಏನಾದರೂ ಅಂದರೆ ಅವಳು ಮೊಮ್ಮಗಳಾಗಿ ಅಳುತ್ತಿದ್ದಳು, ಮೊಮ್ಮಗಳೆಂದು ಮುದ್ದು ಮಾಡಿದರೆ ಸೊಸೆಯಾಗಿ ಬೀಗದ ಕೈ ಕೇಳುತ್ತಿದ್ದಳು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಬಗೆಹರಿಯದ್ದನ್ನು ಗೋದಾಮಿನಲ್ಲಿ ಬಗೆಹರಿಸುವ ಧೈರ್ಯ ಅವರಿಗಿರಲಿಲ್ಲ. ಅಂಥ ಕಾರ್ಡುಗಳನ್ನೆಲ್ಲ ಬೇರೆ ತೆಗೆದಿಡುತ್ತ ಹೋದರು. ಅಕ್ಕನ ಮಗಳನ್ನು ತರುವ ಮನೆಗಳಿಗೆ ಈ ಸೀಮೆಯಲ್ಲಿ ಬರವೇ? ಗುಡ್ಡೆ ಬೆಳೆಯಿತು.

ಜಮಖಾನೆಯ ಈಚೆ ಬಾಬುಲಾಲನಿಗೆ ಉಳಿದದ್ದು ಸದ್ದು ಮಾತ್ರ. ಅವಳ ಪಂಚು ಟಿಕ್ ಟಿಕ್ ಎಂದು ಮೃದುವಾಗಿ ಓಡುತ್ತಿತ್ತು, ಇವನದು ಟಕ್ ಎಂದು ಒದೆಯುತ್ತಿತ್ತು. ಅವಳು ನಿಲ್ಲಿಸಿದರೆ ಇವನೂ ನಿಲ್ಲಿಸುವನು. ಇವನು ಕೆಮ್ಮಿದರೆ ಆಚೆಯಿಂದ ಒಂದು ಸಣ್ಣ ಕೆಮ್ಮು ಬರುವುದು. ಮೂರನೇ ಕೆಮ್ಮಿಗೆ ಚನ್ನಬಸಯ್ಯ, "ಇಬ್ಬರಿಗೂ ಕಷಾಯ ತರಿಸಲೇನು?" ಎನ್ನುವರು.

ಜಮಖಾನೆಯಲ್ಲಿ ಇಲಿ ಕಡಿದ ಒಂದು ತೂತಿತ್ತು. ಬಾಬುಲಾಲ ಅದನ್ನು ಹುಡುಕಲಿಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದ, ನಂಬುವವರು ನಂಬಲಿ. ಅದರಿಂದ ಅವಳ ಒಂದು ಕಿವಿ, ಬೆಳ್ಳಿಯ ಝುಮಕಿ, ಸೆರಗು ಜಾರಿದಾಗ ಕಿವಿಯ ಹಿಂದಿನ ಕೂದಲು ಕಾಣುತ್ತಿತ್ತು. ಆ ಕೂದಲಲ್ಲಿ ದಿನಾ ಒಂದು ಬಿಳಿ ಚುಕ್ಕಿ. ಕಾರ್ಡಿನಿಂದ ಉದುರಿದ ಕಾಗದದ ಚೂರು, ಜೋಳದ ಕಾಳಿಗಿಂತ ಸಣ್ಣದು, ಅಲ್ಲೇ ಕೂತಿರುತ್ತಿತ್ತು.

'ನಿಮ್ಮ ಕೂದಲಾಗ ಚುಕ್ಕಿ ಐತ್ರಿ.' ಹೇಳಬೇಕಾದದ್ದು ಇಷ್ಟೇ. ಬಸ್ಸಿನಲ್ಲಿ ಬರುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದ. ಒಳಗೆ ಹೇಳೋಣವೆಂದರೆ ಚನ್ನಬಸಯ್ಯ. ಹೊರಗೆ ಹೇಳೋಣವೆಂದರೆ ಹಜರಾಬಿ. ಮೊಮ್ಮಗಳನ್ನು ಕರೆತಂದು, ದಿನವಿಡೀ ಪಡಸಾಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತು, ಸಂಜೆ ಕೊಡೆಯ ಕೆಳಗೆ ಹಿಡಿದುಕೊಂಡು ಹೋಗುವ ಮುದುಕಿ ಅವಳು. ಮಳೆ ಇಲ್ಲದಿದ್ದರೂ ಕೊಡೆ ಬಿಚ್ಚುತ್ತಿದ್ದಳು. ಕಾವಲಿಗೆ ಮಳೆ ಯಾಕೆ ಬೇಕು? ಬಾಬುಲಾಲ ಪ್ರತಿ ಸಂಜೆ ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಡಗುಂದಿಗೆ ಮರಳುತ್ತಿದ್ದ. ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಶನಿವಾರ ಚನ್ನಬಸಯ್ಯ ಗುಡ್ಡೆಯನ್ನು ತಂದು ಮೇಜಿನ ಮೇಲೆ ಸುರಿದರು.

"ಸೋಮವಾರ ಇಬ್ಬರೂ ಇವನ್ನ ಹೊಸದಾಗಿ ಹೊಡೀರಿ. ಆ ಗಂಗವ್ವ ಯಾರು ಅಂತ ನಾ ಮನ್ಯಾಗ ವಿಚಾರ ಮಾಡಿಕೊಂಡ ಬರ್ತೇನಿ. ಯಾರದು ತಪ್ಪಾತೋ ಅವರು ಗಂಟುಮೂಟಿ ಕಟ್ಟಬೇಕು. ಇನ್ನ ನನಗ ತಾಳಾಕ ಆಗೂದಿಲ್ಲ."

ಆಚೆ ಟಿಕ್ ಟಿಕ್ ನಿಂತುಹೋಯಿತು. ಬಾಬುಲಾಲ ಇಲಿತೂತಿನ ಕಡೆ ನೋಡಿದ. ತಪ್ಪು ಅವಳದಾದರೆ ಅವಳು ಸಿಂದಗಿಗೆ. ಆಮೇಲೆ ಈ ಇಲಿತೂತಿನಿಂದ ಬರೀ ಗೋಡೆ ನೋಡುತ್ತ ಕೂಡಬೇಕು.

ಭಾನುವಾರವೆಲ್ಲ ಯೋಚಿಸಿದ. ಚನ್ನಬಸಯ್ಯ ಯಾವ ಕಡೆ ವಾಲುತ್ತಾರೋ ಯಾರು ಬಲ್ಲರು? ಆದರೆ ಎರಡು ಕಾರ್ಡೂ ಒಂದೇ ಆದರೆ ತಪ್ಪು ಯಾರದೂ ಅಲ್ಲ, ಅಥವಾ ಇಬ್ಬರದೂ. ಇಬ್ಬರನ್ನೂ ಕಳಿಸಿದರೆ ಕಾರ್ಡು ಹೊಡೆಯುವವರು ಯಾರು? ಗಂಗವ್ವ ಸೊಸೆ ಎಂಬುದರಲ್ಲಿ ಅವನಿಗೆ ಈಗಲೂ ಎಳ್ಳಷ್ಟು ಅನುಮಾನವಿರಲಿಲ್ಲ. ಇರಲಿ, ಹಟ ಕಟ್ಟಿಕೊಂಡು ಏನು ಮಾಡುವುದು! ಗಂಗವ್ವ ಸುಖವಾಗಿ ಮೊಮ್ಮಗಳಾಗಲಿ, ಸಗೀರಾ ಇಲ್ಲಿರಲಿ. ಸೋಮವಾರ ಗುಡ್ಡೆಯಲ್ಲಿನ ಸೊಸೆಯರನ್ನೆಲ್ಲ ಒಬ್ಬೊಬ್ಬರಾಗಿ ತವರಿಗೆ ಕಳಿಸುವ ಹಾಗೆ ಮೊಮ್ಮಗಳೆಂದು ಹೊಡೆದ. ಪಂಚು ಎಂದೂ ಇಲ್ಲದಷ್ಟು ಹಗುರಾಗಿ ಓಡಿತು.

ಸಂಜೆ ಚನ್ನಬಸಯ್ಯ ಕಿಟಕಿಯ ಮುಂದೆ ನಿಂತರು.

"ವಿಚಾರ ಆತು," ಎಂದರು. "ನಮ್ಮ ಮನ್ಯಾಕಿನ್ನ ಕೇಳಿದ್ನಿ. 'ಮೊಮ್ಮಗಳಾಗಿ ಬಂದಿದ್ರ ನಾಕ ದಿನಾ ಇದ್ದು ಉಂಡಿ ಕಟಗೊಂಡ ಹೋಗತಿದ್ನಿ. ಬಾಳೇ ಮಾಡಾಕ ಬಂದೇನಿ' ಅಂದ್ಲು. ಮುಗೀತು. ಎರಡ ಸಂಬಂಧ ಇದ್ರ ಹೊಸಾದನ್ನ ಹಿಡೀಬೇಕು. ಇವತ್ತಿಂದ ಇದ ನಿಯಮ. ಗಂಗವ್ವ ಸೊಸಿ."

ಬಾಬುಲಾಲ ನಾಲಿಗೆ ಕಚ್ಚಿಕೊಂಡ. ತಾನು ಸರಿಯಿದ್ದಾಗಲೇ ತಪ್ಪು ಮಾಡಿ ಕೂತಿದ್ದ! ಆದರೆ ಮರುಕ್ಷಣವೇ ನೆನಪಾಯಿತು, ಎರಡು ಕಾರ್ಡೂ ಕೂಡುತ್ತವಲ್ಲ. ಬೆಳಕು ಬರುತ್ತದೆ.

ಚನ್ನಬಸಯ್ಯ ಮೊದಲ ಜೋಡಿಯನ್ನು ಎತ್ತಿ ಹಿಡಿದರು. ಸಂಬಂಧದ ತೂತು ಕತ್ತಲು. ಎರಡನೆಯದು, ಕತ್ತಲು. ಕನ್ನಡಕ ಒರೆಸಿ ಮೂರನೆಯದನ್ನು ನೋಡಿದರು.

"ಏನಿದು! ಮೊನ್ನೆ ತನಕಾ ಸೊಸಿ ಅಂತಿದ್ದಂವ ಇವತ್ತ ಮೊಮ್ಮಗಳು ಅಂದಾನ. ಮೊಮ್ಮಗಳು ಅಂತಿದ್ದಾಕಿ ಎಲ್ಲಾ ಸೊಸಿ ಹೊಡದಾಳ! ನನ್ನ ಚಾಷ್ಟಿ ಮಾಡಾಕತ್ತೀರೇನು? ತಪ್ಪು ಯಾರದು?"

"ನಂದ್ರಿ," ಎಂದ ಬಾಬುಲಾಲ.

"ನಂದ್ರಿ," ಎಂದಿತು ಜಮಖಾನೆ, ಅದೇ ಉಸಿರಿಗೆ.

ಚನ್ನಬಸಯ್ಯ ಬಾಬುಲಾಲನನ್ನು ನೋಡಿದರು, ಜಮಖಾನೆಯನ್ನು ನೋಡಿದರು. ಆಮೇಲೆ ಹೋಗಿ ಅದನ್ನು ಹಿಡಿದು ಎಳೆದರು. ಹಗ್ಗ ಸಮೇತ ಕೆಳಗೆ ಬಿತ್ತು. ಆಚೆ ಸಗೀರಾ ಕೆಂಪಗೆ ಕೂತಿದ್ದಳು. ಈ ಸಲ ಎರಡೂ ಹುಬ್ಬು ಕೆಳಗಿದ್ದವು. ತನ್ನ ಸಲುವಾಗಿ ಅವಳೂ ಸೋತಿದ್ದಾಳೆ ಎಂದು ತಿಳಿದಾಗ ಬಾಬುಲಾಲನಿಗೆ ಎಷ್ಟು ಸಂತೋಷವಾಯಿತೆಂದರೆ, ನಗುವುದೋ ಅಳುವುದೋ ತಿಳಿಯದೆ ಕೈಯಲ್ಲಿದ್ದ ಖಾಲಿ ಕಾರ್ಡಿಗೆ ಒಂದು ತೂತು ಹೊಡೆದ.

"ಇದೊಂದ ಮಾತಿನಾಗರೆ ಕೂಡೀರಿ," ಎಂದರು ಚನ್ನಬಸಯ್ಯ. ದನಿ ಇಳಿದಿತ್ತು. "ಆದ್ರ ಒಬ್ಬರ ತಪ್ಪು ಒಬ್ಬರು ಹಿಡಿಯೂ ಕೆಲಸಕ್ಕ ನೀವು ಬರಂಗಿಲ್ಲ. ಒಬ್ಬರು ಮುದ್ದೇಬಿಹಾಳದ ಆಫೀಸಿಗೆ ಹೋಗಬೇಕು."

"ನಾ ಹೋಗ್ತೇನ್ರಿ," ಎಂದ ಬಾಬುಲಾಲ. "ಅವರು ಇಲ್ಲೇ ಇರಲಿ."

ಪಡಸಾಲೆಯಲ್ಲಿ ಎಲೆ ಕುಟ್ಟುವ ಸದ್ದು ನಿಂತಿತು. ಹಜರಾಬಿ ಕೊಡೆ ಊರಿಕೊಂಡು ಒಳಗೆ ಬಂದಳು.

"ಯಾರ ಮಗನೋ ನೀನು?"

"ನಿಡಗುಂದಿ ಯಾಕೂಬಸಾಬರ ಮಗಾರಿ."

"ಯಾವ ಯಾಕೂಬ? ಗುಡುಸಾಬನ ಮಗಾ ಯಾಕೂಬ?"

"ಹೌದ್ರಿ. ಗುಡುಸಾಬ ನಮ್ಮಜ್ಜಾರಿ."

"ಯಾ ಅಲ್ಲಾ!" ಮುದುಕಿ ಹಣೆ ಬಡಿದುಕೊಂಡಳು. "ಗುಡುಸಾಬ ನಮ್ಮನಿಯವರ ಚಿಗವ್ವನ ಮಗಾ! ಹಂಗಾದ್ರ ಸಗೀರಾ, ಇಂವ ನಿನಗ ಅಣ್ಣ ಆಗಬೇಕಲ್ಲs."

ಅಣ್ಣ! ಬಾಬುಲಾಲನಿಗೆ ಮುದ್ದೇಬಿಹಾಳವೂ ಸಾಕಷ್ಟು ದೂರವೆನಿಸಲಿಲ್ಲ, ಅದಕ್ಕಿಂತ ಆಚೆ ಎಲ್ಲಿಗಾದರೂ ಬಸ್ಸಿದೆಯೇ ಎಂದು ಮನಸ್ಸು ಹುಡುಕಿತು. ಚನ್ನಬಸಯ್ಯ ಗಂಟಲು ಸರಿಪಡಿಸಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು.

ಸಗೀರಾ ಎದ್ದು ನಿಂತಳು. ನಿಧಾನವಾಗಿ ಒಂದು ಹುಬ್ಬು ಮೇಲಕ್ಕೆ ಹೋಯಿತು.

"ಅಜ್ಜಿ, ಎರಡ ಸಂಬಂಧ ಇದ್ರ ಹೊಸಾದನ್ನ ಹಿಡೀಬೇಕು. ಆಫೀಸಿನ ನಿಯಮ."

"ಎರಡನೇದು ಎಲ್ಲೈತೆ ಇನ್ನೂ?"

"ಅದನ್ನ ನೀ ಮಾಡಬೇಕು," ಎಂದು ಅಜ್ಜಿಯ ಬೆನ್ನ ಹಿಂದೆ ಅಡಗಿದಳು.

ಹಜರಾಬಿ ಚನ್ನಬಸಯ್ಯನವರ ಕಡೆ ತಿರುಗಿದಳು. "ಈ ನಿಯಮಾ ಮಾಡಿದಾವ್ರು ಯಾರು?"

"ನಮ್ಮ ಮನ್ಯಾಕಿ," ಎಂದರು ಚನ್ನಬಸಯ್ಯ.

"ಹಂಗಾದ್ರ ಖರೇನ ಇರಬೇಕು." ಮುದುಕಿ ಬಾಬುಲಾಲನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದಳು. "ಶುಕ್ರವಾರ ನಿಮ್ಮವ್ವನ್ನ ಕರಕೊಂಡ ಬಾ. ಅಲ್ಲೀತನಕಾ ಅಣ್ಣನ ಆಗಿರು. ಈಗ ಅಕೀ ಕೂಡ ಏನರೆ ಮಾತಾಡೂದಿದ್ರ ಮಾತಾಡು, ನಾ ಇಲ್ಲೇ ನಿಂತೇನಿ."

ಮುದುಕಿ ಮುಖ ತಿರುಗಿಸಿ ಕೊಡೆ ಬಿಚ್ಚಿದಳು, ಗೋದಾಮಿನ ಒಳಗೇ. ಅದರ ಈಚೆ ಇಬ್ಬರೇ ಉಳಿದರು. ಬಾಬುಲಾಲನ ಬಳಿ ಬಾಯಿಪಾಠವಾಗಿದ್ದ ಮಾತು ಒಂದೇ ಒಂದು.

"ನಿಮ್ಮ ಕೂದಲಾಗ ಚುಕ್ಕಿ ಐತ್ರಿ."

"ಗೊತ್ತೈತಿ," ಎಂದಳು ಸಗೀರಾ. "ದಿನಾ ನಾನ ಇಟಗೋತಿದ್ನಿ. ಆ ಇಲಿ ತೂತಿನ ಎದುರಿಗೇ ಬರೂಹಂಗ ಕುಂಡ್ರತಿದ್ನಿ. ಇವತ್ತ ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದು ಕಾದು ಸಾಕಾಗಿತ್ತು."