ಕೆರೆ ನೀರು ಬಿಟ್ಟ ಮನೆ

ಮೇ ಹನ್ನೆರಡು, ಬೆಳಿಗ್ಗೆ ಹತ್ತೂವರೆ. ಕುಂದಗೋಳ ಠಾಣೆಗೆ ಬಂದ ಶಿವಗಂಗವ್ವ ಕುರ್ಚಿ ತೋರಿಸಿದರೂ ಕೂಡಲಿಲ್ಲ. ಸೆರಗಿನ ಮರೆಯಲ್ಲಿದ್ದ ನೀರಿನ ಬಾಟಲಿಯನ್ನು ಇನ್‌ಸ್ಪೆಕ್ಟರ್ ಮುಮತಾಜ್ ಸವಣೂರ ಅವರ ಮೇಜಿನ ಮೇಲಿಟ್ಟಳು. ನೀರು ನೋಡಲು ತಿಳಿಯಾಗಿಯೇ ಇತ್ತು.

"ನಮ್ಮ ಕುಬಿಹಾಳ ಕೆರಿ ನೀರ್ರಿ ಇದು. ಇದನ್ನ ಕುಡದು ನನ್ನ ಮೊಮ್ಮಗಳು ಅಮೃತಾ ಹುಬ್ಬಳ್ಳಿ ದವಾಖಾನಿಯೊಳಗ ಮಲಗ್ಯಾಳ. ಆರು ವರ್ಷದ ಕೂಸು. ಕಿಡ್ನಿಗೆ ಏಟು ಬಿದ್ದೈತಿ ಅಂತಾರ."

"ಯಾರ ಮ್ಯಾಲ ಸಂಶೆ?"

"ಕೆರಿ ಮ್ಯಾಲಿನ ದಿಬ್ಬದಾಗ ಸಂಗನಬಸವನ ಶೆಡ್ ಐತ್ರಿ. ಹಳೇ ಕಂಪ್ಯೂಟರ್ ತಂದು ಒಟ್ಟತಾನ. ಬ್ಯಾಸಗ್ಯಾಗ ಅಡ್ಡಮಳಿ ಆದಾಗ ಅಲ್ಲಿಂದನ ನೀರು ಹರದು ಬಂತು."

ಎಫ್‌ಐಆರ್ ದಾಖಲಾಯಿತು. ಸಾರ್ವಜನಿಕ ಕೆರೆಯ ನೀರು ಕೆಡಿಸಿದ್ದು, ವಿಷವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ್ದು. ಎರಡೂ ಸುಲಭವಾಗಿ ಜಾಮೀನು ಸಿಗುವ ಕಲಮುಗಳು.

ಮಧ್ಯಾಹ್ನ ಪಂಚನಾಮೆ. ಕೆರೆಯ ಮೆಟ್ಟಿಲಿಳಿಯುವ ಮೊದಲು ಮುಮತಾಜ್ ಬೂಟು ಬಿಚ್ಚಿದರು, ಹೆಡ್ ಕಾನ್‌ಸ್ಟೇಬಲ್ ಭೀಮಶಿಯೂ ಬಿಚ್ಚಿದ. ಈ ಎರಿ ಮಣ್ಣಿನ, ಕಪ್ಪು ನೆಲದ ಸೀಮೆಯಲ್ಲಿ ಕುಡಿಯುವ ಕೆರೆಗೆ ಚಪ್ಪಲಿ ಮೆಟ್ಟಿಕೊಂಡು ಇಳಿಯುವವರಿಲ್ಲ. ಬಟ್ಟೆ ಒಗೆಯುವುದಿಲ್ಲ, ಎಮ್ಮೆ ಬಿಡುವುದಿಲ್ಲ. ಬೋರಿನದು ಉಪ್ಪುಪ್ಪು ಸವಳು ನೀರು, ಅದು ಬಚ್ಚಲಿಗೆ. ಊರಿನ ಬಾಯಿಗೆ ಈ ಕೆರೆಯೊಂದೇ. ಬೇಸಿಗೆಗೆ ಅದೂ ತಳ ಕಂಡಿತ್ತು.

ದಿಬ್ಬದ ಮೇಲಿನ ಶೆಡ್ಡಿನ ಮುಂದೆ ನೀಲಿ ಬೋರ್ಡು: 'ಸರಕಾರದಿಂದ ನೋಂದಾಯಿತ ಇ-ತ್ಯಾಜ್ಯ ಘಟಕ.' ಒಳಗೆ ರಿಪೇರಿ ಮಾಡಿದ ಕಂಪ್ಯೂಟರುಗಳು ಒಪ್ಪವಾಗಿ ಕೂತಿದ್ದವು. ಹಿಂದೆ ಹೋದರೆ ಬೇರೆಯೇ ಲೋಕ. ಸುಟ್ಟ ವೈರಿನ ಗುಡ್ಡೆ, ಚಿಪ್ ಕಿತ್ತ ಕಂಪ್ಯೂಟರ್ ಬೋರ್ಡುಗಳು, ಆಸಿಡ್ ತುಂಬಿದ ಟಬ್ಬುಗಳು, ಅಡಿ ಒಡೆದ ಡ್ರಮ್ಮು. ಡ್ರಮ್ಮಿನಿಂದ ಹೊರಟ ಹಸಿರು ಕಲೆ ಕಾಲುವೆ ಹಿಡಿದು ಕೆರೆಯವರೆಗೂ ಇಳಿದಿತ್ತು.

"ಆಸಿಡ್ ಯಾಕ?" ಮುಮತಾಜ್ ಕೇಳಿದರು.

"ಬೋರ್ಡಿನಾಗಿನ ಬಂಗಾರ, ತಾಮ್ರ ತಗೀಲಿಕ್ಕೆ ಮೇಡಮ್," ಎಂದ ಸಂಗನಬಸವ. ಇಸ್ತ್ರಿ ಮುರಿಯದ ಬಿಳಿ ಅಂಗಿ. "ನೋಂದಣಿ ಐತ್ರಿ ನನಗ."

"ರಿಪೇರಿ ಮಾಡಿ ಮರುಬಳಕೆಗೆ ಕೊಡೂದಕ್ಕ ಅಷ್ಟ ಐತಿ. ರಿಪೇರಿ ಆಗದ ಮಾಲು ನೋಂದಾಯಿತ ಮರುಸಂಸ್ಕರಣೆ ಕಾರ್ಖಾನಿಗೆ ಕಳಸಬೇಕು ಅಂತ ನಿಯಮ ಐತಿ. ಕಳಿಸಿದಿ?"

"ಮೊದಲ ಕಳಸತಿದ್ನಿರಿ. ಡ್ರಮ್ ಸೋರಿದ್ದು ಮಾತ್ರ ನನಗ ಗೊತ್ತ ಇಲ್ರಿ."

ಕಳ್ಳನಿಗೊಂದು ಪಿಳ್ಳೆ ನೆವ. ಆದರೆ ಆ ನೆವವೇ ಅವನನ್ನು ಕಾಯುವಂತಿತ್ತು. ನೀರಿನ ಮಾದರಿ ಒಯ್ಯಲು ಬಂದಿದ್ದ ಪರಿಸರ ಅಧಿಕಾರಿ ಸಂಕೋಚದಿಂದಲೇ ಹೇಳಿದರು: ಇ-ತ್ಯಾಜ್ಯ ನಿಯಮ ಮುರಿದರೆ ಈಗ ನೇರವಾಗಿ ಜೈಲಿಲ್ಲ, ಕಾಯ್ದೆ ತಿದ್ದುಪಡಿಯಾಗಿದೆ, ವಿಚಾರಣೆ ನಡೆಸಿ ದಂಡ ಹಾಕುತ್ತಾರೆ. ಕೋಳಿ ಕದ್ದವನಿಗೆ ಈ ದೇಶದಲ್ಲಿ ಜೈಲಿದೆ. ಊರಿನ ಕುಡಿಯುವ ನೀರಿಗೆ ಆಸಿಡ್ ಬಿಟ್ಟವನಿಗೆ ದಂಡದ ರಸೀದಿ! ಸಂಜೆ ಆರಕ್ಕೆ ಸಂಗನಬಸವ ಠಾಣೆಯಲ್ಲೇ ಜಾಮೀನು ಪಡೆದು ಬೈಕಿನಲ್ಲಿ ಮನೆಗೆ ಹೋದ.

"ಕಳಿಸೇ ಬಿಟ್ರಿ?" ಎಂದಳು ಶಿವಗಂಗವ್ವ. ಮುಮತಾಜ್‌ಗೆ ಅವಳ ಮುಖ ನೋಡಲಾಗಲಿಲ್ಲ.

ದಾರಿ ಒಂದೇ ಇತ್ತು. ನೀರು ವಿಷವಾಗಿದೆಯೆಂದು ಗೊತ್ತಿದ್ದೂ ಅವನು ಜನ ಕುಡಿಯಲು ಬಿಟ್ಟಿದ್ದರೆ ಕಲಮು ಬೇರೆ; ಅದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ, ಸುಲಭಕ್ಕೆ ಜಾಮೀನಿಲ್ಲ. ಆದರೆ ಗೊತ್ತಿತ್ತೆಂದು ತೋರಿಸುವುದು ಹೇಗೆ? ನೀರಿನಲ್ಲಿ ತಾಮ್ರ, ಸೀಸ ಇರುವುದಾಗಿ ಪ್ರಯೋಗಾಲಯದ ವರದಿ ಬಂತು. ಅವನ ಮನಸ್ಸಿನಲ್ಲಿ ಏನಿತ್ತೆಂದು ಯಾವ ಪ್ರಯೋಗಾಲಯ ಹೇಳೀತು?

ಮೇ ಹದಿನೆಂಟರಂದು ಓಣಿಯಲ್ಲಿ ಮನೆಮನೆಯ ಹೇಳಿಕೆ ಪಡೆಯುತ್ತ ಮುಮತಾಜ್, ಭೀಮಶಿ ಇಬ್ಬರೂ ಜಮೀಲಾಬಿಯ ಕಟ್ಟೆಗೆ ಬಂದರು. ಆಕೆಯದು ಸಂಗನಬಸವನ ಪಕ್ಕದ ಮನೆ.

"ನಿಮ್ಮ ಮನಿಯಾಗ ಯಾರಿಗೆ ಆರಾಮಿಲ್ಲ?"

"ಎಲ್ಲಾರಿಗೂ ವಾಂತಿ ಆಗೇತ್ರಿ. ಓಣಿಯಾಗ ಎಲ್ಲಾ ಮನಿಯಾಗೂ ಅದ ಹಾಡು."

"ಬಾಜೂಮನಿಯಾಗ?"

"ಅವರಿಗೇನಾಗಿಲ್ರಿ. ಅವನ ಹೇಣ್ತಿ ರೋಹಿಣಿದು ಬ್ಯಾರೆನ ಗೋಳು. ಕುಕ್ಕರ್ ಎಷ್ಟ ಸೀಟಿ ಹೊಡದ್ರೂ ತೊಗರಿಬ್ಯಾಳಿ ಬೇಯವಲ್ದಂತ. ಸೋಡಾ ಐತೇನ ಚಾಚಿ ಅಂತ ಎರಡ ಸಲ ಇಸಗೊಂಡು ಹೋದ್ಲು."

ಭೀಮಶಿಯ ಪೆನ್ನು ನಿಂತಿತು. ಮುಮತಾಜ್ ಅವನ ಮುಖ ನೋಡಿದರು. ಈ ಸೀಮೆಯಲ್ಲಿ ಒಲೆ ಹಚ್ಚಿದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ: ಕೆರೆ ನೀರಿನಲ್ಲಿ ತೊಗರಿ ಬೆಣ್ಣೆಯಂತೆ ಬೇಯುತ್ತದೆ, ಬೋರಿನ ಸವಳು ನೀರಿನಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. ಸಂಗನಬಸವನ ಮನೆ ಕೆರೆ ನೀರು ಬಿಟ್ಟಿತ್ತು.

"ಸೋಡಾ ಕೇಳಾಕ ಯಾವಾಗ ಬಂದಿದ್ಲು?"

"ಅಡ್ಡಮಳಿ ಆದ ಮರುದಿನಾರಿ. ಅಮೃತಾ ಇನ್ನೂ ಓಣಿಯಾಗ ಆಡಕೋತ ಇದ್ಲು."

ಪಕ್ಕದ ಮನೆಗೆ ಹೋದಾಗ ರೋಹಿಣಿ ಬಾಗಿಲಲ್ಲೇ ಅಳತೊಡಗಿದಳು. ಗಂಡ ಹೆಂಡತಿಗೆ ಆಡಿದ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮುಮತಾಜ್ ಅದನ್ನು ಕೇಳಲೇ ಇಲ್ಲ.

"ಅಂವಾ ಏನಂದಾ ಅನ್ನೂದು ಬ್ಯಾಡವಾ. ಏನ ಮಾಡಿದಾ, ನೀ ಕಣ್ಣಾರೆ ಕಂಡದ್ದಷ್ಟ ಹೇಳು."

"ಮಳಿ ನಿಂತ ಮ್ಯಾಲೆ ಶೆಡ್ಡಿಗೆ ಹೋಗಿ ಬಂದ್ರು. ತುಂಬಿಟ್ಟ ಕೆರಿ ನೀರಿನ ಕೊಡಾ ಎಲ್ಲಾ ತಾವ ಬಚ್ಚಲಕ್ಕ ಸುರವಿದ್ರು. ತಾವ ಬೋರಿಗೆ ಹೋಗಿ ತುಂಬಕೊಂಡು ಬಂದ್ರು."

ವಿಷದಿಂದ ಗಾಯಪಡಿಸಿದ ಕಲಮು ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು, ಜಾಮೀನು ರದ್ದಾಯಿತು. ಮೇ ಇಪ್ಪತ್ತೊಂದರ ಮಧ್ಯಾಹ್ನ ನಾಲ್ಕಕ್ಕೆ ಸಂಗನಬಸವನ ಬಂಧನವಾಯಿತು. ಅಮೃತಾ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು, ದಿನ ಬಿಟ್ಟು ದಿನ ಡಯಾಲಿಸಿಸ್ ನಡೆದಿತ್ತು.

ಠಾಣೆಯಲ್ಲಿ ಅವನು ನೀರು ಕೇಳಿ ಕುಡಿದ. ಆಮೇಲೆ ತಾನಾಗಿಯೇ ಬಾಯಿ ಬಿಟ್ಟ.

"ಹೇಳಿದ್ರ ನೋಂದಣಿ ಹೋಗತಿತ್ರಿ. ಸಾಲಿ ಹುಡುಗರಿಗೆ ಕಂಪ್ಯೂಟರ್ ಕೊಟ್ಟಾಗ ಊರ ಮಂದಿ ಶಾಲು ಹೊಚ್ಚಿದ್ರು. ಅದ ಮಂದಿ ಮುಂದ ನಿಂತು ಹ್ಯಾಂಗ ಹೇಳ್ಲಿ? ಇನ್ನೊಂದ ದೊಡ್ಡ ಮಳಿ ಬಂದ್ರ ತೊಳದು ಹೋಗತೈತಿ ಅನ್ಕೊಂಡಿದ್ನಿ."

"ಶಿವಗಂಗವ್ವ ದಿನಾ ಯಾವ ಹಾದಿ ಹಿಡದು ಕೆರಿಗೆ ಹೋಗತಾಳ?"

"ನಮ್ಮ ಮನಿ ಮುಂದನರಿ."

"ಮಳಿ ಆದ ಮ್ಯಾಲೂ ಹೋಗತಿದ್ಲು. ನೋಡಿದಿ?"

"ನೋಡಿದ್ನಿರಿ. ಮೊಮ್ಮಗಳೂ ಸಣ್ಣ ಕೊಡಾ ಹಿಡಕೊಂಡು ಕೂಡ ಬರತಿದ್ಲು."

"ನೋಡಿ ಏನ ಮಾಡಿದಿ?"

ಸಂಗನಬಸವ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟ.

"ಬಾಗಲಾ ಹಾಕ್ಕೊಂಡ್ನಿರಿ," ಎಂದ.