ಒಂದು ಮಾರು ಗೋಡೆ

ಬೆಳಿಗ್ಗೆ ಹತ್ತೂಕಾಲಿಗೆ ಸುಗಂಧಿ ಮನೆಯ ಮುಂಭಾಗದ ಗೋಡೆಗೆ ಎದೆಯೊತ್ತಿ, ಎರಡೂ ಕೈ ಅಗಲಿಸಿ ನಿಂತಳು. ಹಾಗೆ ನಿಲ್ಲಬೇಡಿ ಎಂದು ಬಡಗಿ ರಾಮದಾಸ ಅದಕ್ಕೆ ಮೊದಲು ಮೂರು ಸಲ ಹೇಳಿದ್ದ.

ಅಂದು 2021ರ ಮೇ 31, ಸೋಮವಾರ. ಮರುದಿನದಿಂದ ಮಲೇಷ್ಯಾದಲ್ಲಿ ಪೂರ್ತಿ ಲಾಕ್‌ಡೌನ್. ಹನ್ನೊಂದಕ್ಕೆ ಬಾಗಿಲೆಳೆಯುತ್ತೇವೆ, ಅಷ್ಟರೊಳಗೆ ಅಳತೆ ಬಂದರೆ ಹಲಗೆ ಕೊಯ್ದುಕೊಡುತ್ತೇವೆ ಎಂದು ನಿಲಾಯ್‌ನ ಸಾಮಿಲ್ಲಿನವರು ಹೇಳಿದ್ದರು. ರಾಮದಾಸನ ಟೇಪು ಹಿಂದಿನ ತಿಂಗಳು ಕೆಲಸ ಮಾಡಿದ್ದ ಸೆಪಾಂಗ್‌ನ ಮನೆಯಲ್ಲಿ ಉಳಿದುಹೋಗಿತ್ತು. ಜಿಲ್ಲೆ ದಾಟಲು ಪೊಲೀಸರು ಬಿಡುತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮುಂದಿನ ಸಾಲು ಮುಖ್ಯರಸ್ತೆ ಮುಟ್ಟಿತ್ತು.

"ಮನೆಗೆ ಹೋಗಿ ಇನ್ನೊಂದು ಟೇಪು ಹುಡುಕಿ ತರ್ತೀನಿ ಅಮ್ಮಾ. ಒಂದು ಗಂಟೆ ಲಾ," ಎಂದ ರಾಮದಾಸ. ಅವನದು ಮಾತಿನ ಕೊನೆಗೆ ಲಾ ಸೇರಿಸುವ ಮಲೇಷ್ಯಾದ ತಮಿಳು, ಅವಳದು ಬೆಂಗಳೂರಿನ ಶಿವಾಜಿನಗರದಲ್ಲಿ ಕಲಿತ ತಮಿಳು, ಇಬ್ಬರಿಗೂ ಅರ್ಥವಾಗುತ್ತಿತ್ತು.

"ಒಂದು ಗಂಟೆ ಎಲ್ಲಿದೆ ರಾಮದಾಸ್? ನಮ್ಮಜ್ಜಿ ಮೈಸೂರು ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಹೂ ಮಾರಿದವಳು. ಮಾರು ಹಾಕೋದು ನನಗೆ ಅವಳೇ ಕಲಿಸಿದ್ದು. ನನ್ನದು ಐದಡಿ ನಾಲ್ಕಿಂಚು. ಒಂದು ನೂಲು ಆಚೀಚೆ ಇಲ್ಲ."

"ಈ ಗೋಡೆಗೆ ಹೆಂಗಸಿನ ಕೈ ಅಳತೆ ಬೇಡ."

"ಯಾಕೆ, ನನ್ನ ಅಳತೆ ತಗೊಂಡು ಬ್ಲೌಸ್ ಹೊಲಿಸುತ್ತಾ?"

ರಾಮದಾಸ ನಗಲಿಲ್ಲ. ಅವಳ ಎಡಗೈಯ ನಡುಬೆರಳು ಒಂದು ಕಂಬಕ್ಕೆ ತಾಗಿತು. ಬಲಗೈಯದು ಇನ್ನೊಂದಕ್ಕೆ. ಎರಡು ಕಂಬಗಳ ನಡುವಿನ ಆ ಅಂಕಣ ಅವಳಿಗೆಂದೇ ಕಟ್ಟಿದಷ್ಟು ಸರಿಯಾಗಿತ್ತು. ಕೆನ್ನೆಗೊತ್ತಿದ ಹಳೆಯ ಹಲಗೆ ಗೆದ್ದಲು ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಬೆಳಗಿನ ಬಿಸಿಲಿನಲ್ಲೂ ಅದು ತಣ್ಣಗಿತ್ತು.

"ನೋಡಿದೆಯಾ? ಐದು ನಾಲ್ಕು. ಬರ್ಕೋ," ಎಂದಳು ಸುಗಂಧಿ. ರಾಮದಾಸ ಬರೆದುಕೊಂಡು ಮಿಲ್ಲಿಗೆ ಹೊರಟ.

ಕೆಳಗೆ ಇಟ್ಟಿಗೆ, ಮೇಲೆ ಹಲಗೆಯಿದ್ದ ಆ ಪುಟ್ಟ ಮನೆಗೆ ಅರವತ್ತು ವರ್ಷ ದಾಟಿತ್ತು. ಸುಗಂಧಿಯ ಗಂಡ ನರಹರಿ ನಿಲಾಯ್‌ನ ಖಾಸಗಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಅವಳು ಕ್ವಾಲಾಲಂಪುರದ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದಳು. ಹತ್ತು ವರ್ಷದ ಮಗಳು ಅನನ್ಯಳಿಗೆ ಓಡಾಡಲು ಅಂಗಳವಾದರೂ ಇರಲಿ ಎಂದು ಬಾಂಗ್ಸಾರ್‌ನ ಫ್ಲ್ಯಾಟ್ ಬಿಟ್ಟು ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಿದ್ದರು. ಹಲಗೆಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ ಎಂದು ಮನೆಯ ಮಾಲೀಕ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದ.

ರಾಮದಾಸ ಮೂರು ಮಾದರಿ ತಂದು ತೋರಿಸಿದ್ದ: ತಗಡು, ಸಿಮೆಂಟ್ ಶೀಟು, ಮೆರಾಂಟಿ ಮರ. ತಗಡಿನ ಮೇಲೆ ಮಳೆ ಬಿದ್ದರೆ ಆಫೀಸಿನ ಮೀಟಿಂಗ್ ಕೇಳಿಸುವುದಿಲ್ಲ. ಸಿಮೆಂಟ್ ಶೀಟನ್ನು ಬೆರಳಿನಿಂದ ಬಡಿದು, "ಬಸ್ ಸ್ಟ್ಯಾಂಡ್ ಟಾಯ್ಲೆಟ್ಟಿನ ಹಾಗಿದೆ," ಎಂದು ಬದಿಗಿಟ್ಟಿದ್ದಳು. ಮೆರಾಂಟಿಯ ಕೆಂಪು ಅವಳಿಗೆ ಹಿಡಿಸಿತು. ಮಿಲ್ಲಿನಲ್ಲಿ ಒಣಗಿದ ಮರ ಇರಲಿಲ್ಲ, ಹಸಿಯದೇ ಸಿಕ್ಕಿತು.

"ಹಸಿ ಮರ ಕುಗ್ಗುತ್ತೆ," ಎಂದ ರಾಮದಾಸ ಮಧ್ಯಾಹ್ನ ಹಲಗೆ ಜೋಡಿಸುತ್ತ. "ಅಗಲದಲ್ಲಿ. ಉದ್ದದಲ್ಲಿ ಕುಗ್ಗಲ್ಲ. ಉದ್ದದಲ್ಲಿ ಕುಗ್ಗಿದರೆ ನನಗೆ ಫೋನ್ ಮಾಡಿ."

"ಮಾಡಿದರೆ?"

ಅವನು ಮೊಳೆ ಬಾಯಿಂದ ತೆಗೆದು ಕೈಯಲ್ಲಿ ಹಿಡಿದು ಹೇಳತೊಡಗಿದ. ಮಲಯ ಮನೆ ಕಟ್ಟುವಾಗ ಮೊದಲ ಅಳತೆ ಮನೆಯೊಡತಿಯ ಕೈಮಾರಿನದು. ಅದು ಇಲ್ಲಿಯ ಪದ್ಧತಿ, ತಪ್ಪೇನಿಲ್ಲ. ಈ ಮನೆಯನ್ನು ಒಬ್ಬಾತ ಎರಡನೆಯ ಹೆಂಡತಿಗೆಂದು ಕಟ್ಟಿಸಿದ. ಮೊದಲನೆಯವಳು ಬೊಮೊ ಹತ್ತಿರ ಹೋದಳು. ಬೊಮೊ ಅಂದರೆ ಮಾಟಗಾರ. ಅವನು ಅಂಕಣದ ಕಂಬಗಳಿಗೆ ಏನು ಮಾಡಿದನೋ, ಅಲ್ಲಿ ಕೈಚಾಚಿ ಅಳತೆ ಕೊಟ್ಟವಳನ್ನು ಗೋಡೆ ತನ್ನವಳೆಂದು ಲೆಕ್ಕ ಹಿಡಿಯಿತು. ಹಲಗೆ ಕುಗ್ಗಿತು. ಆ ಎರಡನೆಯ ಹೆಂಡತಿಯೂ ಕುಗ್ಗಿದಳು.

"ಆ ಹೆಂಗಸನ್ನು ಮನೆಯಿಂದ ಹೊರಗೆ ಹೊತ್ತಾಗ," ಎಂದ ರಾಮದಾಸ, "ಮಗುವಿನ ಶವಪೆಟ್ಟಿಗೆ ಸಾಕಾಯ್ತು. ನಮ್ಮಪ್ಪನೇ ಮಾಡಿಕೊಟ್ಟಿದ್ದು."

"ಕ್ಷಯ ಇದ್ದಿರಬೇಕು ಪಾಪ," ಎಂದಳು ಸುಗಂಧಿ. "ಚಹಾ ಆರಿಹೋಗುತ್ತೆ, ಕುಡಿ."

ಐದು ಗಂಟೆಗೆ ಹದಿನಾಲ್ಕು ಹಲಗೆಗಳೂ ಕೂತವು. ಬಿರುಕಿಲ್ಲ, ಸಂದಿಲ್ಲ. ಮನೆ ತುಂಬ ಹಸಿ ಮರದ ಹುಳಿ ವಾಸನೆ.

ನಾಲ್ಕನೆಯ ದಿನ ಅಡುಗೆಮನೆಯ ಮೇಲಿನ ಅಟ್ಟದ ಬೇಳೆ ಡಬ್ಬ ಅವಳ ಕೈಗೆ ಸಿಗಲಿಲ್ಲ. ಯಾರೋ ಹಿಂದಕ್ಕೆ ತಳ್ಳಿರಬೇಕು ಎಂದುಕೊಂಡಳು. ಐದನೆಯ ದಿನ ಪಾತ್ರೆ ತೊಳೆಯುವಾಗ ಬಳೆ ತಾನಾಗಿ ಜಾರಿ ಸಿಂಕಿಗೆ ಬಿತ್ತು. ಮಧ್ಯಾಹ್ನ ಮೀಟಿಂಗಿನ ನಡುವೆ ಗೋಡೆಯ ಕಡೆಯಿಂದ ಟಿಕ್, ಟಿಕ್ ಎಂದು ಕೇಳಿತು. ಹೋಗಿ ನೋಡಿದಳು. ಹಲಗೆಗಳು ಹಿಂದಿನ ಚೌಕಟ್ಟಿನ ಮೊಳೆಗಳಲ್ಲಿ ನಿಂತಿದ್ದವು, ಎರಡೂ ತುದಿ ಮಾತ್ರ ಕಂಬಗಳಿಂದ ಬಿಟ್ಟುಕೊಂಡಿದ್ದವು. ಸಂದಿನಲ್ಲಿ ಒಂದು ಅಕ್ಕಿಕಾಳು ನಿಲ್ಲುತ್ತಿತ್ತು.

ಮಾಟ ಗೀಟ ಅವಳು ನಂಬುತ್ತಿರಲಿಲ್ಲ. ಅಂಕಿ ನಂಬುತ್ತಿದ್ದಳು. ಆನ್‌ಲೈನಿನಲ್ಲಿ ಟೇಪು ತರಿಸಿದಳು. ಅದು ಬಂದದ್ದು ಜೂನ್ ಏಳರಂದು. ಹಲಗೆ: ಐದಡಿ ಒಂದೂವರೆ ಇಂಚು. ನರಹರಿಯನ್ನು ಕರೆದು ತನ್ನ ಮಾರು ಅಳೆಸಿದಳು.

"ಐದು ಒಂದೂವರೆ," ಎಂದ ನರಹರಿ. ಟೇಪು ಮಡಚಿ ಮತ್ತೆ ಬಿಚ್ಚಿದ. "ತಡಿ, ಇನ್ನೊಂದ್ ಸಲ. ನೆಟ್ಟಗೆ ನಿಂತ್ಕೊಳ್ಳೇ."

"ನೆಟ್ಟಗೇ ನಿಂತಿದೀನಿ ರೀ."

ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿದರು. ಆಸ್ಪತ್ರೆಗಳಲ್ಲಿ ಜಾಗವಿಲ್ಲ, ಜ್ವರ ಬಂದರೆ ಮಾತ್ರ ಬನ್ನಿ, ಒತ್ತಡದಿಂದ ತೂಕ ಇಳಿದಿರಬಹುದು ಎಂದರು. ಅವಳ ತೂಕ ಇಳಿದಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು. ಅಷ್ಟೇ ಮೈ ಕಡಿಮೆ ಜಾಗಕ್ಕೆ ಒತ್ತಿಕೊಳ್ಳುತ್ತಿತ್ತು. ಕೀಲುಕೀಲಿನಲ್ಲಿ ಹಿಂಡಿದಂತೆ ನೋವು.

ಅವಳು ರಾಮದಾಸನಿಗೆ ಫೋನ್ ಮಾಡಿದಳು.

"ಎಷ್ಟು?" ಎಂದು ಮಾತ್ರ ಕೇಳಿದ ಅವನು.

"ಎರಡೂವರೆ ಇಂಚು. ಹಲಗೆ ಕಿತ್ತು ಸುಟ್ಟುಬಿಡ್ತೀನಿ."

"ಬೇಡ ಅಮ್ಮಾ! ಈಗ ಹಲಗೆ ಅಂದ್ರೆ ನೀವೇ. ಸುಟ್ಟರೆ ನೀವೂ ಸುಡ್ತೀರಿ. ಒಂದೇ ದಾರಿ. ಬೇರೆ ಹೆಂಗಸಿನ ಅಳತೆ ಕೊಡಬೇಕು. ಆಗ ನಿಮ್ಮನ್ನು ಬಿಡುತ್ತೆ."

"ಅವಳನ್ನು ಹಿಡ್ಕೊಳ್ಳುತ್ತೆ."

"ಹೌದು."

"ಹಾಗಾದರೆ ಆ ದಾರಿ ಇಲ್ಲ," ಎಂದು ಫೋನಿಟ್ಟಳು.

ಅಂದಿನಿಂದ ಅವಳು ಪ್ರತಿದಿನ ಬೆಳಿಗ್ಗೆ ಅಳತೆ ಬರೆದಿಟ್ಟಳು. ಹತ್ತನೆಯ ತಾರೀಕು ಐದಡಿ. ಹನ್ನೆರಡಕ್ಕೆ ನಾಲ್ಕು ಹತ್ತು. ಚೂಡಿದಾರದ ತೋಳು ಮಡಚಿ ಪಿನ್ನು ಹಾಕಿದಳು. ಕಾಲಡಿಗೆ ಮಣೆ ಹಾಕಿಕೊಂಡು ಒಲೆಯ ಮುಂದೆ ನಿಂತಳು. ಗೋಡೆಯ ಮುಂದೆ ಹಾದಾಗಲೆಲ್ಲ, "ನೋಡೋಣ, ಯಾರು ಮೊದಲು ಸುಸ್ತಾಗ್ತಾರೆ ಅಂತ," ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದಳು. ಅನನ್ಯ ಒಂದು ಬೆಳಿಗ್ಗೆ ಪಕ್ಕ ನಿಂತು ತಲೆಯ ಮೇಲೆ ಕೈಯಿಟ್ಟು ನೋಡಿದಳು. "ಮಮ್ಮಿ, ಐ ಆಮ್ ಗ್ರೋಯಿಂಗ್ ಸೋ ಫಾಸ್ಟ್!" ಎಂದು ಕುಣಿದಳು. ಸುಗಂಧಿ ನಕ್ಕಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಜೂನ್ ಹದಿನಾಲ್ಕರ ಮಧ್ಯಾಹ್ನ ನಾಲ್ಕಕ್ಕೆ ಆಕಾಶ ಒಮ್ಮೆಲೇ ಕಪ್ಪಾಯಿತು. ಸಿಡಿಲು ಬಡಿಯಿತು, ಕರೆಂಟು ಹೋಯಿತು. ಕಿಟಕಿಗಳಾಚೆ ಮಳೆಯ ಗೋಡೆ. ಒಳಗೆ ಕತ್ತಲೆ. ಹಸಿ ಮರದ ಹುಳಿ ವಾಸನೆಯ ಒಳಗಿನಿಂದ ಇನ್ನೊಂದು ವಾಸನೆ ಎದ್ದಿತು. ಬಾಡಿದ ಹೂವಿನದು, ಮುಚ್ಚಿಟ್ಟ ಬಟ್ಟೆಯದು. ಟಿಕ್. ಟಿಕ್. ಟಿಕ್. ಮಳೆಯ ಸದ್ದನ್ನೂ ಮೀರಿ ಅದು ಕೇಳುತ್ತಿತ್ತು.

"ಅನೂ?"

ಸುಗಂಧಿ ಕತ್ತಲೆಯಲ್ಲಿ ಬಾಗಿಲು ತಡವಿದಳು.

"ಅನೂ, ಎಲ್ಲಿದೀಯೇ?"

"ಹಿಯರ್, ಮಮ್ಮಿ." ದನಿ ಹಜಾರದಿಂದ ಬಂತು. ನಿದ್ದೆಗಣ್ಣಿನ ದನಿ. "ದ ಆಂಟಿ ಸೇಸ್ ಓಪನ್ ಯುವರ್ ಆರ್ಮ್ಸ್."

ಸುಗಂಧಿ ಓಡಿದಳು. ಕಾಲು ಗಿಡ್ಡ, ಹೆಜ್ಜೆ ಗಿಡ್ಡ. ಹಜಾರ ಮುಗಿಯಲೊಲ್ಲದು. ಮಿಂಚು ಹೊಳೆಯಿತು. ಮಗಳು ಗೋಡೆಯ ಮುಂದಿದ್ದಳು. ಬೆನ್ನು ಇತ್ತ. ಎಡಗೈ ಪೂರ್ತಿ ಚಾಚಿದೆ. ಬೆರಳು ಹಲಗೆಯ ಒಂದು ತುದಿಯಲ್ಲಿದೆ. ಬಲಗೈ ಏಳುತ್ತಿದೆ. ಮೆಲ್ಲಗೆ. ಯಾರೋ ಮಣಿಕಟ್ಟು ಹಿಡಿದು ಎತ್ತುತ್ತಿರುವ ಹಾಗೆ. ಇನ್ನೊಂದು ತುದಿಗೆ ನಾಲ್ಕು ಬೆರಳು ದೂರ. ಎರಡು. ಒಂದು.

ಸುಗಂಧಿ ಮಗಳ ಸೊಂಟ ಹಿಡಿದು ಹಿಂದಕ್ಕೆ ಎಳೆದಳು. ಬರಲಿಲ್ಲ. ಗೋಡೆ ಎಳೆಯಿತು. ಅವಳೂ ಎಳೆದಳು. ಹುಡುಗಿ ಕಿರುಚಿದಳು. ಸುಗಂಧಿ ತಲೆಯಿಂದ ಹಲಗೆಗೆ ಗುದ್ದಿದಳು. ಗುದ್ದಿದ್ದು ತನಗೇ ಎಂಬಂತೆ ಎದೆಗೂಡು ಅದುರಿತು. "ನಾನಿದೀನಿ ಇಲ್ಲಿ! ನನ್ನ ತಗೊಂಡಿದೀಯ, ನನ್ನ ಜೊತೆ ಮಾತಾಡು!"

ಹಿಡಿತ ಸಡಿಲಿತು. ತಾಯಿ ಮಗಳು ನೆಲಕ್ಕೆ ಬಿದ್ದರು. ಕೊಟ್ಟಿಗೆಯಂತಿದ್ದ ಹಿಂದಿನ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ನರಹರಿ ಟಾರ್ಚು ಹಿಡಿದು ಓಡಿಬಂದ.

"ಅವಳನ್ನು ಕಾರಿನಲ್ಲಿ ಕೂರಿಸ್ರೀ. ಬಾಗಿಲು ಲಾಕ್ ಮಾಡಿ ಅಲ್ಲೇ ಇರಿ," ಎಂದಳು ಸುಗಂಧಿ. ಹಣೆಯಿಂದ ರಕ್ತ ಸೋರುತ್ತಿತ್ತು. ಅವಳು ರಾಮದಾಸನ ನಂಬರು ಒತ್ತಿದಳು. "ರಾಮದಾಸ್, ಒಂದು ಪ್ರಶ್ನೆ. ಸಿಮೆಂಟ್ ಶೀಟು ಕುಗ್ಗುತ್ತಾ?"

ಆ ಕಡೆ ಹಿತ್ತಿಲ ಬಾಗಿಲು ತೆರೆದ ಸದ್ದು, ಮಳೆಯ ಸದ್ದು ಕೇಳಿತು.

"ಇಲ್ಲ," ಎಂದ ಅವನು. "ಆದರೆ ಅಮ್ಮಾ, ಈಗಿನ ಅಳತೆಗೆ ಕೂರಿಸಿದರೆ ಹೋದದ್ದು ವಾಪಸ್ ಬರಲ್ಲ. ನಿಮ್ಮ ಆಯುಷ್ಯ ಪೂರ್ತಿ ಹೀಗೇ."

"ಹೀಗೇ ಇರ್ತೀನಿ. ಇರ್ತೀನಲ್ಲ, ಅಷ್ಟು ಸಾಕು. ಬಾ."

ರಾಮದಾಸನ ಮನೆ ಮೂರು ಕಿಲೋಮೀಟರು. ಹಿತ್ತಿಲಲ್ಲಿ ಉಳಿದಿದ್ದ ಆರು ಶೀಟುಗಳನ್ನು ವ್ಯಾನಿಗೆ ಹಾಕಿ, ಪೊಲೀಸರು ತಡೆದರೆ ತೋರಿಸಲು ಮೇಲೆ ಅಕ್ಕಿ ಮೂಟೆ ಹೇರಿಕೊಂಡು ಆರು ಗಂಟೆಗೆ ಬಂದ. ಮಳೆ ನಿಂತಿತ್ತು. ಅಂಗಳದಲ್ಲಿ ಶೀಟು ನಿಲ್ಲಿಸಿದ. ಸುಗಂಧಿ ಅದಕ್ಕೆ ಎದೆಯೊತ್ತಿ ಕೈಗಳನ್ನು ಅಗಲಿಸಿದಳು. ಕೀಲುಗಳು ಉರಿದವು. ಬೆರಳ ತುದಿಯಲ್ಲಿ ರಾಮದಾಸ ಪೆನ್ಸಿಲ್ ಗೀಟು ಎಳೆದ. ನಾಲ್ಕಡಿ ಏಳಿಂಚು. ಶೀಟುಗಳನ್ನು ಆ ಉದ್ದದ ಹದಿನಾಲ್ಕು ಪಟ್ಟಿಗಳಾಗಿ ಕೊಯ್ದ.

"ತಗೋ," ಎಂದಳು ಗೋಡೆಗೆ. "ಇಷ್ಟೇ. ಇನ್ನು ಒಂದು ನೂಲೂ ಇಲ್ಲ."

ಮೊದಲ ಹಲಗೆಯ ಮೊಳೆ ಕಿತ್ತಾಗ ಅವಳ ಕಿರುಬೆರಳಿನ ಉಗುರು ಎದ್ದುಬಂತು. ಅವಳು ದುಪಟ್ಟಾದ ಅಂಚು ಕಚ್ಚಿದಳು. ಎರಡನೆಯದು. ಮೂರನೆಯದು. ನಿಲ್ಲಿಸಲಾ ಎಂದು ರಾಮದಾಸ ಕಣ್ಣಲ್ಲೇ ಕೇಳಿದ. ಬೇಡವೆಂದು ತಲೆಯಾಡಿಸಿದಳು. ಹಲಗೆಯೊಂದು ತೆಗೆದಲ್ಲಿ ತಕ್ಷಣ ಶೀಟಿನ ಪಟ್ಟಿ. ತಕ್ಷಣ ಸ್ಕ್ರೂ. ಒಂದೊಂದು ಸ್ಕ್ರೂ ತಿರುಗಿದಾಗಲೂ ಅದು ತನ್ನ ಎಲುಬಿನೊಳಗೆ ಇಳಿಯುವುದು ಅವಳಿಗೆ ತಿಳಿಯಿತು. ಹದಿನಾಲ್ಕನೆಯ ಹಲಗೆ ಕಿತ್ತಾಗ ಗೋಡೆಯೊಳಗಿನಿಂದ ಉಸಿರೊಂದು ಹೊರಬಿತ್ತು. ಬಾಡಿದ ಹೂವಿನ ವಾಸನೆ ಅಂಗಳ ದಾಟಿಹೋಯಿತು. ಕೊನೆಯ ಸ್ಕ್ರೂ. ಟಿಕ್ ನಿಂತಿತು.

ಮರುದಿನ ನಾಲ್ಕು ಏಳು. ವಾರ ಬಿಟ್ಟು ನಾಲ್ಕು ಏಳು. ಲಾಕ್‌ಡೌನ್ ಮುಗಿದಾಗಲೂ ನಾಲ್ಕು ಏಳು. ಶೀಟಿಗೂ ಕಂಬಗಳಿಗೂ ನಡುವೆ ಉಳಿದ ಸಂದಿಗೆ ರಾಮದಾಸ ತಗಡಿನ ಪಟ್ಟಿ ಹೊಡೆದ. ಬೆಂಗಳೂರಿನ ನೆಂಟರು ವಿಡಿಯೊ ಕಾಲಿನಲ್ಲಿ ಅವಳ ಮುಖ ಮಾತ್ರ ನೋಡಿ, ಸ್ವಲ್ಪ ದುಂಡಗಾಗಿದ್ದೀಯ ಎಂದರು.

ಹೊಸ ವರ್ಷಕ್ಕೆ ಅವರು ಕ್ವಾಲಾಲಂಪುರದ ಮಾಂಟ್ ಕಿಯಾರಾದ ಹನ್ನೊಂದನೆಯ ಮಹಡಿಗೆ ಮನೆ ಬದಲಿಸಿದರು. ಆ ಗೋಡೆಯಿಂದ ದೂರ ಹೋಗಬೇಡಿ ಎಂದ ರಾಮದಾಸನಿಗೆ, "ನನ್ನ ಅಳತೆ ಅದರ ಹತ್ತಿರ ಇರಲಿ, ನಾನು ನನ್ನ ಹತ್ತಿರ ಇರ್ತೀನಿ," ಎಂದಳು. ಮುಂಭಾಗದ ಗೋಡೆಯನ್ನು ಯಾರೂ ಮುಟ್ಟಬಾರದೆಂದು ಮಾಲೀಕನಿಗೆ ಪತ್ರ ಬರೆದಳು. ಅವನು ಉತ್ತರಿಸಲಿಲ್ಲ.

2022ರ ಮೇ 14, ಶನಿವಾರ ಬೆಳಿಗ್ಗೆ ಅವಳು ಹಾಲು ಕಾಯಿಸುತ್ತಿದ್ದಾಗ ಎಡ ಅಂಗೈಯ ನಟ್ಟನಡುವೆ ಒಂದು ತೂತು ಬಿತ್ತು. ದುಂಡಗೆ, ಪೆನ್ಸಿಲ್ ತೂರುವಷ್ಟು, ಈಚೆಯಿಂದ ಆಚೆಗೆ. ನಿಲಾಯ್‌ನ ಮನೆಗೆ ಬಂದಿದ್ದ ಹೊಸ ಬಾಡಿಗೆದಾರರು ಇಂಟರ್ನೆಟ್ ಕೇಬಲ್ಲು ಒಳಗೆಳೆಯಲು ಗೋಡೆ ಕೊರೆಸುತ್ತಿದ್ದರು. ನರಹರಿ ಮಾಲೀಕನಿಗೆ ಫೋನು ಮಾಡಿ ಕೂಗಾಡಿದ ಮೇಲೆ ಡ್ರಿಲ್ ನಿಂತಿತು. ಎರಡನೆಯ ತೂತಿಗೆ ಗುರುತು ಹಾಕಿ ಆಗಿತ್ತು.

ಅಂಗೈಗೆ ಆರು ಹೊಲಿಗೆ ಬಿದ್ದವು. ಜುಲೈ ಒಂದರಂದು ಸುಗಂಧಿ, ನರಹರಿ ಮತ್ತು ಅನನ್ಯ ನಿಲಾಯ್‌ನ ಮನೆಗೆ ವಾಪಸಾದರು. ಈ ಸಲ ಬಾಡಿಗೆಗಲ್ಲ, ತೊಂಬತ್ತೊಂಬತ್ತು ವರ್ಷದ ಗುತ್ತಿಗೆಗೆ ಸಹಿ ಹಾಕಿ.