ನೋಡಿದ್ದು ಹೇಳು

"ಟೀಚರ್, ಗಲ್ಲಕ್ಕ ಬಣ್ಣ ಹತ್ಯದ್ರಿ."

"ಎಲ್ಲಿ?"

"ಈ ಕಡಿ. ಇನ್ನಾ ಸ್ವಲ್ಪ ಕೆಳಗ."

ಸ್ನೇಹಲ್ ಉಜ್ಜಿಕೊಂಡು ಸೆರಗು ನೋಡಿದಳು. ಬಣ್ಣದ ಸುಳಿವೇ ಇರಲಿಲ್ಲ. ಡ್ರಾಯಿಂಗ್ ಮಾಸ್ತರ ಅಮೋಘಸಿದ್ದಪ್ಪ ಕುಂಚ ತೊಳೆಯುತ್ತಾ ತುಟಿಯಂಚಿನಲ್ಲೇ ನಕ್ಕ.

"ಆಗ ಇರಲಿಲ್ರಿ. ಈಗ ಕೆಂಪಾತು ನೋಡ್ರಿ."

"ಖರೇ ಮಾತಿನ ತಿಂಗಳದಾಗ ಸುಳ್ಳು ಹೇಳ್ತೀರಲ್ಲ ಮಾಸ್ತರ?"

ಅವನು ಒದ್ದೆ ಬೆರಳಿನಿಂದ ಅವಳ ಕೆನ್ನೆ ಮುಟ್ಟಿದ. ಅವಳೂ ಆ ಕೈಯನ್ನು ಅಲ್ಲೇ ಹಿಡಿದುಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಬ್ಬರೂ ಕಣ್ಣು ಮುಚ್ಚಿದ್ದರು. ತೆರೆದಾಗ ಬಾಗಿಲಲ್ಲಿ ಪೂನಂ ನಿಂತಿದ್ದಳು. ಯುಕೆಜಿಯ ಹುಡುಗಿ, ಸ್ನೇಹಲಳ ಸ್ವಂತ ಅಣ್ಣನ ಮಗಳು.

"ಅತ್ತಿ, ನನ್ನ ಬಾಟಲಿನ್ಯಾಗ ನೀರು ಮುಗದಾವ," ಎಂದಳು ಪೂನಂ. ಅವಳ ಕಣ್ಣು ಮಾತ್ರ ಮಾಸ್ತರರ ಕೈಯ ಮೇಲಿತ್ತು.

ಅದು ತೊಂಬತ್ತೊಂಬತ್ತರ ಆಗಸ್ಟ್. ಹುಮನಾಬಾದಿನ ಹಳೇ ಮನೆಯೊಂದರಲ್ಲಿ ನಡೆಯುತ್ತಿದ್ದ ಆ ನರ್ಸರಿ ಮತ್ತು ಪ್ರೈಮರಿ ಶಾಲೆಗೆ ತುಳಜಾಬಾಯಿ ಹೆಡ್‌ಮಿಸ್. ಮಗು ಎಂದರೆ ಬರೀ ತಲೆಯಲ್ಲ, ಕೈ ಕಣ್ಣು ಮನಸ್ಸು ಎಲ್ಲವೂ ಬೆಳೆಯಬೇಕು ಎಂಬುದು ಅವರ ಹಟ. ತಿಂಗಳಿಗೊಂದು ಮೌಲ್ಯ. ಜೂನಿನಲ್ಲಿ ಸ್ವಚ್ಛತೆ, ಜುಲೈನಲ್ಲಿ ಹಂಚಿ ತಿನ್ನುವುದು, ಆಗಸ್ಟಿನಲ್ಲಿ ಸತ್ಯ. ಸತ್ಯಕ್ಕೊಂದು ಆಟ ಹುಡುಕಿದವಳು ಸ್ನೇಹಲ್. ಮಕ್ಕಳು ವೃತ್ತವಾಗಿ ಕೂತು ಆ ವಾರ ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. 'ನೋಡಿದ್ದು ಹೇಳು' ಎಂದು ಅದರ ಹೆಸರು. ಈ ಶನಿವಾರ ತಂದೆತಾಯಿಯರೂ ಬಂದು ಕೂರುವವರಿದ್ದರು.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ಪೂನಂಳ ತಂದೆ ವೈಜನಾಥ ಶಾಲೆಯ ಕಮಿಟಿ ಅಧ್ಯಕ್ಷ, ಊರಿನ ದೊಡ್ಡ ಕಾಳಿನ ವ್ಯಾಪಾರಿ. ತಂಗಿಯ ಮದುವೆಯನ್ನು ಹಳ್ಳಿಖೇಡದ ಕಬ್ಬಿನ ಜಮೀನುದಾರರ ಮನೆಗೆ ಮಾತಾಡಿ ಮುಗಿಸಿದ್ದ. ಅಮೋಘಸಿದ್ದಪ್ಪನೋ ಕಲ್ಯಾಣದ ಆಚೆ ಮಂಠಾಳದವನು, ಅವನಪ್ಪ ಇಂದಿಗೂ ಕುರಿ ಕಾಯುತ್ತಾನೆ. ಹೋದ ವರ್ಷ ವೈಜನಾಥನ ಅಂಗಡಿಯ ಗುಮಾಸ್ತನೊಬ್ಬ ಸ್ನೇಹಲಳ ಚಿಕ್ಕಪ್ಪನ ಮಗಳ ಜೊತೆ ನಕ್ಕು ಮಾತಾಡಿದ್ದ. ವೈಜನಾಥ ಅವನನ್ನು ಪ್ರೀತಿಯಿಂದ ಜೀಪು ಹತ್ತಿಸಿಕೊಂಡು ಹೋದ. ಮರುದಿನ ಕಬ್ಬಿನ ಲಾರಿ ಬಡಿದು ಗುಮಾಸ್ತನ ಕಾಲು ಹೋಯಿತೆಂದು ಊರು ಹೇಳಿತು. ಯಾವ ಲಾರಿ ಎಂದು ಯಾರೂ ಕೇಳಲಿಲ್ಲ.

ಸಂಜೆ ಪೂನಂಳ ತಲೆ ಬಾಚುವಾಗ ಸ್ನೇಹಲ್ ಬಾಯಿ ತೆರೆದಳು. "ಪೂನಂ, ಬಣ್ಣದ ಖೋಲ್ಯಾಗ ನೀ ನೋಡಿದ್ದು..."

"ಹೂಂ ಅತ್ತಿ?"

ಯಾರಿಗೂ ಹೇಳಬೇಡ ಎನ್ನಲು ನಾಲಗೆ ಏಳಲಿಲ್ಲ. ಸತ್ಯ ಹೇಳು ಎಂದು ತಿಂಗಳಿಡೀ ಕಲಿಸಿದ್ದ ಬಾಯಿ ಅದು. "ಏನಿಲ್ಲ ಬಿಡು," ಎಂದು ಜಡೆ ಕಟ್ಟಿದಳು.

ಮರುದಿನದಿಂದ ಅಣ್ಣ ಬದಲಾದ. ಬೈಯುವುದನ್ನು ಬಿಟ್ಟ. ಊಟಕ್ಕೆ ಕೂತಾಗ "ತಂಗಿ, ಇನ್ನೊಂದು ರೊಟ್ಟಿ ಹಾಕ್ಕೋ" ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ. ಸ್ನೇಹಲ್ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದಳು.

ಶನಿವಾರ ಶಾಲೆಯ ಗೇಟಿಗೆ ಜೀಪು ನಿಂತಿತ್ತು. ವೈಜನಾಥ ಅಮೋಘಸಿದ್ದಪ್ಪನ ಹೆಗಲ ಮೇಲೆ ಕೈ ಹಾಕಿದ್ದ.

"ಮಾಸ್ತರ, ಮುಗದ ಮ್ಯಾಲ ಊರಿಗಿ ಬಸ್ಸಿಗಿ ಹೋಗಬ್ಯಾಡ್ರಿ. ನನಗೂ ಕಲ್ಯಾಣದಾಗ ಕೆಲಸ ಅದ. ಕೂಡಿ ಹೋಗಮು."

ಎಂದೂ ರೀ ಅಂದವನಲ್ಲ ವೈಜನಾಥ. ಅಮೋಘಸಿದ್ದಪ್ಪ ಸಂಕೋಚದಿಂದ "ಆಯ್ತ್ರಿ" ಎಂದು ಸ್ನೇಹಲಳ ಕಡೆ ನೋಡಿದ. ನಿಮ್ಮಣ್ಣ ಒಳ್ಳೆಯವರೇ ಇದ್ದಾರಲ್ಲ ಎಂಬ ಖುಷಿ ಆ ನೋಟದಲ್ಲಿತ್ತು. ಅವಳು ಜೀಪಿನ ಕಡೆ ನೋಡಿದಳು. ಅಣ್ಣನಿಗೆ ಗೊತ್ತಾಗಿದೆಯೋ, ಇದು ತನ್ನ ಬರೀ ಭಯವೋ?

ವೃತ್ತ ಶುರುವಾಯಿತು. ಒಬ್ಬ ತಾನು ಹಾವಿನ ಪೊರೆ ನೋಡಿದೆನೆಂದ. ಒಬ್ಬಳು ಅಜ್ಜಿ ಕದ್ದು ಬೆಲ್ಲ ತಿಂದದ್ದನ್ನು ಹೇಳಿ ಎಲ್ಲರನ್ನೂ ನಗಿಸಿದಳು. ಪೂನಂಳ ಸರದಿ ಬಂತು.

ಹುಡುಗಿ ಎದ್ದು ಅಪ್ಪನ ಮುಖ ನೋಡಿದಳು. ಪದ್ಯ ಒಪ್ಪಿಸುವ ಹಾಗೆ ಕೈಕಟ್ಟಿದಳು.

"ನಾ ಈ ವಾರ ಏನೂ ನೋಡಿಲ್ರಿ ಟೀಚರ್. ಬಣ್ಣದ ಖೋಲಿಗಿ ಹೋಗೇ ಇಲ್ರಿ."

ಬಣ್ಣದ ಕೋಣೆಯ ಮಾತನ್ನು ಯಾರೂ ಕೇಳಿರಲಿಲ್ಲ.

ಸ್ನೇಹಲಳಿಗೆ ಎಲ್ಲ ತಿಳಿಯಿತು. ಮಗು ಮನೆಯಲ್ಲಿ ಹೇಳಿದೆ. ಅಣ್ಣ ಅದಕ್ಕೆ ಸುಳ್ಳು ಬಾಯಿಪಾಠ ಮಾಡಿಸಿದ್ದಾನೆ. ಯಾಕೆ? ವಿಷಯ ಯಾರಿಗೂ ಗೊತ್ತಿಲ್ಲದಿದ್ದರೆ ದಾರಿಯಲ್ಲಿ ಮಾಸ್ತರರಿಗೆ ಏನಾದರೂ ಆದರೆ ಅಣ್ಣನ ಮೇಲೆ ಸಂಶಯವೇ ಬರುವುದಿಲ್ಲ. ಮತ್ತೆ ಯಾವುದೋ ಲಾರಿಯ ಹೆಸರು.

ಮುಚ್ಚಿಟ್ಟರೆ ಅವನು ಉಳಿಯುವುದಿಲ್ಲ. ಬಿಚ್ಚಿಟ್ಟರೆ ತಾನು ಆ ಮನೆಯವಳಾಗಿ ಉಳಿಯುವುದಿಲ್ಲ. ಅವಳು ಮಕ್ಕಳ ನಡುವೆ ಹೋಗಿ ಕೂತಳು.

"ಈಗ ಟೀಚರ್ ಪಾಳಿ," ಎಂದಳು. "ಅಮೋಘಸಿದ್ದಪ್ಪ ಮಾಸ್ತರು ಬಣ್ಣದ ಖೋಲ್ಯಾಗ ನನ್ನ ಗಲ್ಲ ಮುಟ್ಟಿದ್ರು. ನಾ ಅವರ ಕೈ ಹಿಡದೆ. ನಾ ಅವರಿಗಿ ಪ್ರೀತಿ ಮಾಡಾಕತ್ತೇನಿ. ಇದು ನಮ್ಮಣ್ಣಗ ಗೊತ್ತಾಗ್ಯದ. ಇವತ್ತ ಅವರಿಗಿ ತನ್ನ ಜೀಪಿನ್ಯಾಗ ಕರಕೊಂಡು ಹೊಂಟಾನ."

ವೈಜನಾಥ ಕೂತಲ್ಲಿಂದ ಎದ್ದ.

"ಸ್ನೇಹಲ್, ಬಾಯಿ ಮುಚ್ಚು," ಎಂದ ವೈಜನಾಥ, ಮೆಲ್ಲಗೆ.

"ಇಲ್ಲಣ್ಣಾ. ಇನ್ನ ಮ್ಯಾಲ ಅವರಿಗಿ ಏನರ ಆದ್ರ ಇಲ್ಲಿ ಕೂತವರೆಲ್ಲ ಯಾಕ ಅಂತ ಹೇಳ್ತಾರ."

ಹಿಂದಿನ ಸಾಲಿನಲ್ಲಿ ಕೂತಿದ್ದ ವಹೀದಾ, ಮಗುವೊಂದರ ತಾಯಿ, ಗಟ್ಟಿಯಾಗಿ ಹೇಳಿದಳು. "ಕೇಳೀವ್ರಿ ಟೀಚರ್. ನಾವೆಲ್ಲಾ ಕೇಳೀವಿ." ತುಳಜಾಬಾಯಿ ಕುರ್ಚಿಯಿಂದೆದ್ದು ವೈಜನಾಥನ ಎದುರಿಗೆ ನಿಂತರು. "ಮಾಸ್ತರು ನಮ್ಮ ಮನಿಗಿ ಬರ್ತಾರ. ನೀವು ಹೋಗ್ರಿ."

ವೈಜನಾಥ ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದ. ಆಮೇಲೆ ಪೂನಂಳನ್ನು ಎತ್ತಿಕೊಂಡು ತಂಗಿಯ ಕಡೆ ತಿರುಗಿದ.

"ಈಕಿ ಇನ್ನ ಈ ಸಾಲಿಗಿ ಬರಂಗಿಲ್ಲ. ನೀ ನಮ್ಮ ಮನಿಗಿ ಬರಬ್ಯಾಡ."

"ಅತ್ತೀ, ನಾ ಸುಳ್ಳು ಹೇಳೀನಿ!" ಅಪ್ಪನ ಹೆಗಲ ಮೇಲಿಂದ ಪೂನಂ ಅಳುತ್ತಾ ಕೈ ಚಾಚಿದಳು. "ನಾ ನೋಡೀನಿ ಅತ್ತೀ!"

"ನಿಂದೇನೂ ತಪ್ಪಿಲ್ಲ ಕೂಸೇ," ಎನ್ನುತ್ತ ಸ್ನೇಹಲ್ ಗೇಟಿನವರೆಗೂ ಓಡಿದಳು. ಜೀಪು ಮಗುವಿನ ಅಳುವನ್ನು ಹೊತ್ತುಕೊಂಡು ತಿರುವಿನಲ್ಲಿ ಮರೆಯಾಯಿತು. ಆ ಮಗುವಿನ ಜಡೆಯನ್ನು ಇನ್ನು ತಾನು ಕಟ್ಟುವುದಿಲ್ಲ ಎಂದು ತಿಳಿದಾಗ ಅವಳಿಗೆ ತಡೆಯಲಾರದಷ್ಟು ಅಳು ಬಂತು.

ಅಮೋಘಸಿದ್ದಪ್ಪ ಬಂದು ಪಕ್ಕದಲ್ಲಿ ನಿಂತ. ಎಲ್ಲರೂ ನೋಡುತ್ತಿದ್ದಂತೆಯೇ ಅವಳ ಕೈ ಹಿಡಿದ. ಅವನ ಅಂಗೈ ಬೆವೆತಿತ್ತು.

"ಅಂಜಿಕಿ ಬಂತೇನ್ರಿ ಮಾಸ್ತರ?"

"ಬಂದದ್ರಿ."

"ನನಗೂ," ಎಂದಳು. ಇಬ್ಬರೂ ಕೈ ಬಿಡಲಿಲ್ಲ.